ವೈಯಕ್ತಿಕ ಸ್ವಾತಂತ್ರ್ಯ: ಭಾರತ ಸಂವಿಧಾನದ 21ನೆಯ ವಿಧಿ

ಭಾರತ ಸಂವಿಧಾನದ ಮೂರನೆಯ ಭಾಗ ಮೂಲಭೂತ ಹಕ್ಕುಗಳಿಗೆ ಮೀಸಲು. 12ರಿಂದ 35ರವರೆಗಿನ ವಿಧಿಗಳು ಅದರಲ್ಲಿ ಸೇರಿವೆ. 21ನೆಯ ವಿಧಿ ಒಂದೇ ಒಂದು ವಾಕ್ಯದ್ದು: ಕಾನೂನು ಗೊತ್ತುಪಡಿಸಿದ ವಿಧಾನವನ್ನು ಅನುಸರಿಸದೆ ಯಾವ ವ್ಯಕ್ತಿಯ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಈ ರಕ್ಷಣೆ ಭಾರತದ ನಾಗರಿಕರಿಗಷ್ಟೇ ಅಲ್ಲ, ಇಲ್ಲಿನ ನೆಲದ ಮೇಲಿರುವ ವಿದೇಶಿಯರಿಗೂ ಉಂಟು. ಕಳೆದ ಏಳು ದಶಕಗಳಲ್ಲಿ ಸಂವಿಧಾನದ ಬೇರೆ ಯಾವ ವಾಕ್ಯವೂ ನ್ಯಾಯಾಲಯಗಳಲ್ಲಿ ಇಷ್ಟು ವಿಸ್ತಾರವಾದ ಅರ್ಥ ಪಡೆದಿಲ್ಲ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಆದಂತೆ ಸಂಪೂರ್ಣವಾಗಿ ಕೈಕೊಟ್ಟದ್ದೂ ಇಲ್ಲ.

ಈ ಹಕ್ಕು ಕೆಲಸ ಮಾಡುವ ಬಗೆ ಸರಳವಾದದ್ದು. ರಾತ್ರಿ ಮನೆಗೆ ಬಂದ ಪೊಲೀಸರು ಒಬ್ಬನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು ಎನ್ನೋಣ. 22ನೆಯ ವಿಧಿಯ ಪ್ರಕಾರ ಅವನಿಗೆ ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಅವಧಿ ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹಾಗೆ ಆಗದಿದ್ದರೆ ಅವನ ಹೆಂಡತಿ, ತಮ್ಮ, ಗೆಳೆಯ, ಯಾರು ಬೇಕಾದರೂ 226ನೆಯ ವಿಧಿಯಡಿ ಹೈಕೋರ್ಟಿಗೆ ಇಲ್ಲವೇ 32ನೆಯ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಆ ವ್ಯಕ್ತಿಯನ್ನು ಕರೆತನ್ನಿ, ಯಾವ ಕಾನೂನಿನಡಿ ಹಿಡಿದಿಟ್ಟಿದ್ದೀರಿ ತೋರಿಸಿ ಎಂದು ನ್ಯಾಯಾಲಯ ಕೇಳುತ್ತದೆ. ತೃಪ್ತಿಕರ ಉತ್ತರ ಸಿಗದಿದ್ದರೆ ಅವನು ಬಿಡುಗಡೆಯಾಗುತ್ತಾನೆ. ಮಾತಿನ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಕಾರಣ ಹೇಳದೆ ಎತ್ತಿಕೊಂಡು ಹೋಗಬಹುದಾದ ಮನುಷ್ಯನಿಗೆ ಉಳಿದ ಯಾವ ಹಕ್ಕೂ ಕೈಗೆ ಹತ್ತುವುದಿಲ್ಲ.

ಹಿನ್ನೆಲೆ

ವಿಚಾರಣೆಯಿಲ್ಲದೆ ಜೈಲಿಗೆ ತಳ್ಳುವುದು ಬ್ರಿಟಿಷ್ ಆಡಳಿತದ ಹಳೆಯ ಅಸ್ತ್ರ. 1919ರ ರೌಲತ್ ಕಾಯ್ದೆಯ ವಿರುದ್ಧ ದೇಶ ಎದ್ದು ನಿಂತದ್ದು ಈ ಕಾರಣಕ್ಕೇ. 1928ರ ಮೋತಿಲಾಲ್ ನೆಹರೂ ವರದಿಯೂ 1931ರ ಕರಾಚಿ ನಿರ್ಣಯವೂ ಮೂಲಭೂತ ಹಕ್ಕುಗಳ ಪಟ್ಟಿಯನ್ನು ಮುಂದಿಟ್ಟವು. ಸಂವಿಧಾನ ಸಭೆಗೆ ಬಂದವರಲ್ಲಿ ಬಹಳಷ್ಟು ಮಂದಿ ಸ್ವತಃ ಜೈಲುವಾಸ ಅನುಭವಿಸಿದವರು.

ಸ್ವಾತಂತ್ರ್ಯದ ಬೇಡಿಕೆಗೆ ಇನ್ನೊಂದು ಮುಖವೂ ಇತ್ತು, ಅದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುವಾಗ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿ ಆರಿಸಿಕೊಂಡದ್ದನ್ನು ಅವರು ಸಮರ್ಥಿಸಿದರು. ಊರ ಕೆರೆಯ ನೀರು ಮುಟ್ಟಲು ಬಿಡದವರು ಬ್ರಿಟಿಷರಲ್ಲ, ಊರಿನವರೇ. ಆದ್ದರಿಂದ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿ, ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುವ 23ನೆಯ ವಿಧಿ ಸರ್ಕಾರದಷ್ಟೇ ನೆರೆಹೊರೆಯವರನ್ನೂ ಕಟ್ಟುತ್ತವೆ. ವ್ಯಕ್ತಿಯ ಹಕ್ಕು ಎಂದರೆ ಸಮಾಜವನ್ನು ಒಡೆಯುವ ಪರದೇಶದ ವಿಚಾರ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಜೀತದ ಆಳಿಗೆ, ಜಾತಿ ಮೀರಿ ಮದುವೆಯಾದ ಹುಡುಗಿಗೆ ಆ ಹಕ್ಕು ಬಿಟ್ಟರೆ ಬೇರೆ ಆಸರೆಯೇ ಇಲ್ಲ ಎಂಬುದನ್ನು ಆ ಆಕ್ಷೇಪ ಮರೆಯುತ್ತದೆ.

ಸಂವಿಧಾನ ಸಭೆಯ ಚರ್ಚೆ

21ನೆಯ ವಿಧಿ ಇಂದಿನ ರೂಪಕ್ಕೆ ಬಂದದ್ದು ಸುಲಭವಾಗಿ ಅಲ್ಲ. ಮೊದಲ ಕರಡಿನಲ್ಲಿ ಅಮೆರಿಕದ ಸಂವಿಧಾನದ ಮಾದರಿಯ ಮಾತಿತ್ತು. ಅದರಂತೆ, ಸ್ವಾತಂತ್ರ್ಯ ಕಸಿಯುವ ಕಾನೂನು ನ್ಯಾಯಯುತವೇ ಎಂದು ಅಳೆಯುವ ಅಧಿಕಾರ ನ್ಯಾಯಾಲಯಕ್ಕೆ ಇರುತ್ತಿತ್ತು. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನ ಆರಿಸಿದ ಶಾಸನಸಭೆಯ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಆ ಮಾತು ದಾರಿಮಾಡುತ್ತದೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಈ ಅಂಜಿಕೆಗೆ ಆಧಾರವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯಾಯಾಲಯಗಳು ಕಾರ್ಮಿಕರ ದುಡಿಮೆಯ ಅವಧಿ ಮತ್ತು ಕನಿಷ್ಠ ಕೂಲಿಯ ಕಾನೂನುಗಳನ್ನು ಅದೇ ಮಾತಿನ ಬಲದಿಂದ ರದ್ದುಮಾಡಿದ್ದವು. ಜಮೀನ್ದಾರಿ ರದ್ದತಿಗೆ ಅಣಿಯಾಗುತ್ತಿದ್ದ ಭಾರತದಲ್ಲಿ ಅದೇ ಮರುಕಳಿಸಬಹುದಿತ್ತು.

ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಜಪಾನಿನ ಹೊಸ ಸಂವಿಧಾನದ 31ನೆಯ ವಿಧಿಯ ಜಾಡಿನಲ್ಲಿ ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬುದನ್ನು ಸೇರಿಸಿತು. ಕೆ.ಎಂ. ಮುನ್ಷಿ, ಕಾಜಿ ಸೈಯದ್ ಕರೀಮುದ್ದೀನ್ ಮೊದಲಾದವರು ಹಳೆಯ ಮಾತೇ ಇರಲಿ ಎಂದು ವಾದಿಸಿದರು. 1948ರ ಡಿಸೆಂಬರ್ 13ರಂದು ಮಾತನಾಡಿದ ಅಂಬೇಡ್ಕರ್ ಎರಡೂ ಕಡೆಯ ಅಪಾಯವನ್ನು ಒಪ್ಪಿಕೊಂಡರು: ಶಾಸನಸಭೆ ಪಕ್ಷದ ಬಹುಮತದಿಂದ ಹಕ್ಕು ತುಳಿಯಬಹುದು, ನ್ಯಾಯಾಧೀಶರು ತಮ್ಮ ಪೂರ್ವಗ್ರಹದಿಂದ ಒಳ್ಳೆಯ ಕಾನೂನನ್ನು ಕೊಲ್ಲಬಹುದು. ಸಭೆ ಹೊಸ ಮಾತನ್ನೇ ಒಪ್ಪಿತು. ಅದರಿಂದಾದ ಕೊರತೆಯನ್ನು ತುಂಬಲೆಂದು 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಈಗಿನ 22ನೆಯ ವಿಧಿಯನ್ನು ತಂದರು. ವಿಚಿತ್ರವೆಂದರೆ, ಬಂಧಿತರಿಗೆ ರಕ್ಷಣೆ ಕೊಡುವ ಅದೇ ವಿಧಿ ಮುಂಜಾಗ್ರತಾ ಬಂಧನಕ್ಕೂ ಜಾಗ ಕೊಟ್ಟಿತು. ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದು ಎಂಬ ಶಂಕೆಗೇ ಒಬ್ಬನನ್ನು ಸಲಹಾ ಮಂಡಳಿಯ ಮುಂದೂ ಇಡದೆ ಮೂರು ತಿಂಗಳು ಬಂಧನದಲ್ಲಿಡಲು ಸಂವಿಧಾನವೇ ಅವಕಾಶ ಮಾಡಿತು.

ಆ ಸಭೆಯಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬರಿದ್ದರು, ಎಚ್.ವಿ. ಕಾಮತ್. ತುರ್ತು ಪರಿಸ್ಥಿತಿಯಲ್ಲಿ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಬಾಗಿಲನ್ನೇ ಮುಚ್ಚುವ ಅಧಿಕಾರ ರಾಷ್ಟ್ರಪತಿಗೆ ಬೇಡ ಎಂದು ಅವರು 1949ರಲ್ಲಿ ಬಲವಾಗಿ ವಿರೋಧಿಸಿದರು. ಜರ್ಮನಿಯ ವೈಮರ್ ಸಂವಿಧಾನದ ಇಂಥದೇ ಅಧಿಕಾರ ಹಿಟ್ಲರನಿಗೆ ಮೆಟ್ಟಿಲಾಯಿತೆಂದು ನೆನಪಿಸಿದರು. ಸಭೆ ಅವರ ಮಾತಿಗೆ ಕಿವಿಗೊಡಲಿಲ್ಲ. ಆ ಅಧಿಕಾರ ಮುಂದೆ 359ನೆಯ ವಿಧಿಯಾಯಿತು.

ಮೊದಲ ಪರೀಕ್ಷೆಗಳು

ಸಂವಿಧಾನ ಜಾರಿಗೆ ಬಂದ ತಿಂಗಳಿಗೇ, 1950ರ ಫೆಬ್ರುವರಿಯಲ್ಲಿ, ಸಂಸತ್ತು ಮುಂಜಾಗ್ರತಾ ಬಂಧನ ಕಾಯ್ದೆಯನ್ನು ಅಂಗೀಕರಿಸಿತು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1947ರ ಡಿಸೆಂಬರಿನಿಂದಲೂ ಮದ್ರಾಸ್ ಪ್ರಾಂತ್ಯದಲ್ಲಿ ಬಂಧನದಲ್ಲಿದ್ದರು. ಹೊಸ ಕಾಯ್ದೆಯ ಬಂಧನಾಜ್ಞೆ ಅವರ ಕೈಸೇರಿದ್ದು ಜೈಲಿನೊಳಗೇ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಸಂಸತ್ತು ಮಾಡಿದ ಕಾನೂನು ಇದೆ, ಅದು ಹೇಳಿದ ವಿಧಾನವನ್ನು ಪಾಲಿಸಿದ್ದಾರೆ, ಆ ವಿಧಾನ ನ್ಯಾಯವೇ ಎಂದು ಕೇಳುವ ಅಧಿಕಾರ ನಮಗಿಲ್ಲ ಎಂದು ನ್ಯಾಯಾಲಯ ಬಹುಮತದಿಂದ ತೀರ್ಪು ಕೊಟ್ಟಿತು. 19, 21, 22ನೆಯ ವಿಧಿಗಳು ಒಂದಕ್ಕೊಂದು ಸಂಬಂಧವಿಲ್ಲದವೆಂದೂ ಹೇಳಿತು. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಬಾರದು ಎಂದಿದ್ದ ಕಾಯ್ದೆಯ 14ನೆಯ ಕಲಮು ಮಾತ್ರ ರದ್ದಾಯಿತು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನ ತೀರ್ಪು ಬರೆದರು. ಹಕ್ಕುಗಳು ಒಂದರೊಳಗೊಂದು ಹೆಣೆದುಕೊಂಡಿವೆ, ವಿಧಾನ ಎಂದಮೇಲೆ ಅದರಲ್ಲಿ ನ್ಯಾಯದ ಮೂಲತತ್ವಗಳು ಇರಲೇಬೇಕು ಎಂಬುದು ಅವರ ನಿಲುವು. ಅದು ದೇಶದ ಕಾನೂನಾಗಲು 28 ವರ್ಷ ಹಿಡಿಯಿತು.

1962ರ ಖರಕ್ ಸಿಂಗ್ ಪ್ರಕರಣ ಇದಕ್ಕಿಂತ ಚಿಕ್ಕದು, ಆದರೆ ಮನಸ್ಸಿಗೆ ಹತ್ತಿರದ್ದು. ಉತ್ತರ ಪ್ರದೇಶದ ಈತನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂದು, ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾಗಿತ್ತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ನಿಗಾ ಹಾಳೆ (ಹಿಸ್ಟರಿ ಶೀಟ್) ತೆರೆದರು. ನಡುರಾತ್ರಿ ಬಂದು ಬಾಗಿಲು ಬಡಿದು ನಿದ್ದೆಯಿಂದೆಬ್ಬಿಸುತ್ತಿದ್ದರು, ಊರು ಬಿಟ್ಟರೆ ಹೇಳಿಹೋಗಬೇಕಿತ್ತು. ಸುಪ್ರೀಂ ಕೋರ್ಟು ರಾತ್ರಿಯ ಭೇಟಿಗಳನ್ನು ನಿಲ್ಲಿಸಿತು, ಬೆನ್ನುಹತ್ತಿ ಕಣ್ಣಿಡುವುದನ್ನು ಉಳಿಸಿತು, ಖಾಸಗಿತನ ಸಂವಿಧಾನದ ಹಕ್ಕಲ್ಲ ಎಂದಿತು. ಅಲ್ಲಿಯೂ ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಸದಾ ಯಾರೋ ನೋಡುತ್ತಿದ್ದಾರೆ ಎಂಬ ಭಯದಲ್ಲಿ ಓಡಾಡುವವನನ್ನು ಸ್ವತಂತ್ರನೆನ್ನಲಾಗದು ಎಂಬುದು ಅದರ ತಿರುಳು.

ಕಮ್ಯುನಿಸ್ಟ್ ಕೈದಿ, ಪೊಲೀಸರ ಶಂಕೆಗೆ ಗುರಿಯಾದ ಹಳ್ಳಿಗ. ಬಹುಸಂಖ್ಯಾತರ ಪ್ರೀತಿ ಇವರ ಮೇಲಿರಲಿಲ್ಲ. ಸ್ವಾತಂತ್ರ್ಯದ ಪ್ರಶ್ನೆಗಳು ನ್ಯಾಯಾಲಯಕ್ಕೆ ಬರುವುದು ಹೆಚ್ಚಾಗಿ ಇಂಥವರ ಮೂಲಕವೇ, ಏಕೆಂದರೆ ಅಧಿಕಾರ ಮೊದಲು ಕೈಹಾಕುವುದು ಇವರ ಮೇಲೆ. ಇವರಿಗೆ ಸಿಕ್ಕದ ರಕ್ಷಣೆ ಮುಂದೊಂದು ದಿನ ಮಿಕ್ಕವರಿಗೂ ಸಿಗುವುದಿಲ್ಲ. 1975ರ ತುರ್ತು ಪರಿಸ್ಥಿತಿ ಅದನ್ನು ತೋರಿಸಿಕೊಟ್ಟಿತು.

ಅದಕ್ಕೆ ಮೊದಲು ನಡೆದ ಇನ್ನೊಂದು ಹೋರಾಟದ ಉಲ್ಲೇಖ ಇಲ್ಲಿ ಅಗತ್ಯ. ಸಂಸತ್ತು ತಿದ್ದುಪಡಿಯ ಮೂಲಕ ಮೂಲಭೂತ ಹಕ್ಕುಗಳನ್ನೇ ಅಳಿಸಬಹುದೇ ಎಂಬ ಪ್ರಶ್ನೆಗೆ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರಿಂದ ಉತ್ತರಿಸಿತು: ಸಂವಿಧಾನವನ್ನು ತಿದ್ದಬಹುದು, ಅದರ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಆಸ್ತಿ ಹೋಗುವುದರ ವಿರುದ್ಧ ಅವರು ಹೂಡಿದ ದಾವೆ ದೇಶದ ಸಂವಿಧಾನಕ್ಕೇ ಕಾವಲಾಯಿತು. ಯಕ್ಷಗಾನ ಭಾಗವತಿಕೆಯಲ್ಲಿ ಪಳಗಿದ್ದ ಅವರ ಹೆಸರು ಇಂದು ಕಾನೂನು ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ.

ತುರ್ತು ಪರಿಸ್ಥಿತಿ ಮತ್ತು ಬೆಂಗಳೂರು

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಎರಡು ದಿನದಲ್ಲಿ ರಾಷ್ಟ್ರಪತಿಯ ಆದೇಶ ಹೊರಟು, 14, 21, 22ನೆಯ ವಿಧಿಗಳ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅಮಾನತಾಯಿತು. ಮೀಸಾ ಎಂದೇ ಹೆಸರಾದ ಆಂತರಿಕ ಭದ್ರತಾ ಕಾಯ್ದೆಯಡಿಯೂ ಭಾರತ ರಕ್ಷಣಾ ನಿಯಮಗಳಡಿಯೂ ಒಂದು ಲಕ್ಷಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು.

ಸಂಸದೀಯ ಸಮಿತಿಯ ಸಭೆಗೆಂದು ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರ ಆಗ ಬೆಂಗಳೂರಿನಲ್ಲಿದ್ದರು. ಜೂನ್ 26ರ ಬೆಳಿಗ್ಗೆ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಕಳಿಸಲಾಯಿತು. ಅವರ ಪರವಾಗಿ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ದಾಖಲಾದವು. ಆ ಮೊಕದ್ದಮೆಯಲ್ಲಿ ದುಡಿದ ವಕೀಲ ಎಂ. ರಾಮಾ ಜೋಯಿಸ್ ಕೊನೆಗೆ ತಾವೇ ಬಂಧನಕ್ಕೊಳಗಾದರು. ಅರ್ಜಿಗಳನ್ನು ಕೇಳಲೇಬಾರದು ಎಂಬ ಸರ್ಕಾರದ ಆಕ್ಷೇಪವನ್ನು ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ. ದೇಶದ ಇತರ ಹಲವು ಹೈಕೋರ್ಟುಗಳದ್ದೂ ಇದೇ ನಿಲುವು. ಅದಕ್ಕೆ ಬೆಲೆ ತೆರಬೇಕಾಯಿತು. 1976ರಲ್ಲಿ 16 ಮಂದಿ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ದೂರದೂರಿಗೆ ವರ್ಗ ಮಾಡಲಾಯಿತು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ಹೋದರು.

ನಾಯಕರ ಬಂಧನಕ್ಕೆ ಸುದ್ದಿಯ ಬೆಲೆಯಿತ್ತು. ಅದೇ ಜೈಲಿನಲ್ಲಿದ್ದ ಸ್ನೇಹಲತಾ ರೆಡ್ಡಿಯವರಿಗೆ ಅದೂ ಇರಲಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಈ ಕಲಾವಿದೆಯನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ಮೀಸಾ ಅಡಿಯಲ್ಲಿ ಒಳಗಿಟ್ಟರು. ಅವರಿಗೆ ತೀವ್ರವಾದ ಉಬ್ಬಸವಿತ್ತು. ಒಂಟಿ ಕೋಣೆ, ಸಮಯಕ್ಕೆ ಸಿಗದ ಚಿಕಿತ್ಸೆ, ಎಂಟು ತಿಂಗಳ ಸೆರೆ. ನ್ಯಾಯಾಲಯದಲ್ಲಿ ಒಂದು ಆರೋಪವೂ ಸಾಬೀತಾಗಲಿಲ್ಲ. 1977ರ ಜನವರಿ ಮಧ್ಯದಲ್ಲಿ, ದೇಹ ಪೂರ್ತಿ ಸೋತಮೇಲೆ, ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಹೇಬಿಯಸ್ ಕಾರ್ಪಸ್ ಎಂಬ ಅರ್ಜಿಗೆ ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕ ಕೊಟ್ಟ ಸಾಕ್ಷಿ ಇದು. ಇದನ್ನು ಕಾನೂನಿನ ಪಠ್ಯಪುಸ್ತಕಗಳಲ್ಲೂ ಓದಿಸಬೇಕು. ಶೇಷಾದ್ರಿ ರಸ್ತೆಯ ಆ ಹಳೆಯ ಜೈಲಿನ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ.

ಹೈಕೋರ್ಟುಗಳ ತೀರ್ಪಿನ ವಿರುದ್ಧ ಸರ್ಕಾರದ ಮೇಲ್ಮನವಿಗಳು ಸುಪ್ರೀಂ ಕೋರ್ಟಿಗೆ ಬಂದವು. ಜಬಲ್‌ಪುರ ಪ್ರಕರಣ ಎಂದು ಹೆಸರಾದ ಈ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. 1976ರ ಏಪ್ರಿಲ್ 28ರಂದು ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಸರ್ಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನ ದಯಪಾಲಿಸಿದ ವಸ್ತುಗಳಲ್ಲ, 21ನೆಯ ವಿಧಿ ಇಲ್ಲದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಅವನ್ನು ಕಸಿಯುವ ಹಕ್ಕು ಸರ್ಕಾರಕ್ಕಿಲ್ಲ ಎಂದು ಅವರು ಬರೆದರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

1978ರ 44ನೆಯ ತಿದ್ದುಪಡಿ ಎರಡು ಬಾಗಿಲುಗಳಿಗೆ ಬೀಗ ಹಾಕಿತು. ‘ಆಂತರಿಕ ಗಲಭೆ’ಯ ನೆಪದಲ್ಲಿ ತುರ್ತು ಪರಿಸ್ಥಿತಿ ಘೋಷಿಸಲಾಗದು, ಸಶಸ್ತ್ರ ದಂಗೆಯೇ ಆಗಿರಬೇಕು. ಎಂಥ ತುರ್ತಿನಲ್ಲೂ 20 ಮತ್ತು 21ನೆಯ ವಿಧಿಗಳನ್ನು ಅಮಾನತು ಮಾಡಲಾಗದು.

ವಿಸ್ತಾರ

1977ರ ಜುಲೈಯಲ್ಲಿ ಹೊಸ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡು, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳುವುದಿಲ್ಲ ಎಂದಿತು. ಕಸಿದುಕೊಂಡವರು ತುರ್ತು ಪರಿಸ್ಥಿತಿಯ ವಿರುದ್ಧ ಗೆದ್ದುಬಂದವರು, ಕಳೆದುಕೊಂಡವರು ಅದನ್ನು ಹೇರಿದ ಮನೆತನದವರು. ಅಧಿಕಾರ ಯಾರ ಕೈಗೆ ಬಂದರೂ ಅದರ ಚಾಳಿ ಒಂದೇ ಎಂಬುದಕ್ಕೆ ಇದೊಂದೇ ಪ್ರಸಂಗ ಸಾಕು. 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾನೂನು ಹೇಳುವ ವಿಧಾನ ನ್ಯಾಯಯುತವೂ ವಿವೇಚನೆಯುಳ್ಳದ್ದೂ ಆಗಿರಬೇಕು, ಎದುರಿನವನ ಮಾತು ಕೇಳಬೇಕು ಎಂದಿತು. ಹೀಗೆ ಬೆನಗಲ್ ನರಸಿಂಗ ರಾಯರ ಕಾಲದಲ್ಲಿ ಕೈಬಿಟ್ಟ ರಕ್ಷಣೆ ವ್ಯಾಖ್ಯಾನದ ಮೂಲಕ ಒಳಬಂತು.

ಆಮೇಲೆ 21ನೆಯ ವಿಧಿ ಬೆಳೆದ ರೀತಿ ಬೆರಗಿನದು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಬೆಳಕಿಗೆ ಬಂತು. ತಮ್ಮ ಮೇಲಿನ ಆರೋಪ ಸಾಬೀತಾಗಿದ್ದರೂ ಸಿಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಅಲ್ಲಿ ಜನ ವಿಚಾರಣೆಯಿಲ್ಲದೆ ಕಳೆದಿದ್ದರು. ತ್ವರಿತ ವಿಚಾರಣೆಯೂ ಬಡವರಿಗೆ ಉಚಿತ ಕಾನೂನು ನೆರವೂ ಹಕ್ಕಿನ ಭಾಗವಾದವು. 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಜೀವನೋಪಾಯ ಸೇರಿತು. ಕರ್ನಾಟಕದಿಂದ ಹೋದ ಮೋಹಿನಿ ಜೈನ್ ಪ್ರಕರಣ (1992) ಶಿಕ್ಷಣವನ್ನು ಸೇರಿಸಿತು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ರಾಜ್ಯ ಸರ್ಕಾರ ನಿಗದಿ ಮಾಡಿತ್ತು. ಕ್ಯಾಪಿಟೇಷನ್ ಶುಲ್ಕವೆಂದರೆ ಹಣವಿದ್ದವರಿಗೆ ಮಾತ್ರ ಓದು ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮರುವರ್ಷವೇ ಈ ತೀರ್ಪನ್ನು ಮೊಟಕುಗೊಳಿಸಿದ ಪೀಠ, 14 ವರ್ಷದವರೆಗಿನ ಶಿಕ್ಷಣ ಹಕ್ಕೇ ಎಂಬುದನ್ನು ಉಳಿಸಿತು. 2002ರಲ್ಲಿ ಸೇರಿದ 21ಎ ವಿಧಿಯ ಬೇರು ಇಲ್ಲಿದೆ.

ಖಾಸಗಿತನದ ಪ್ರಶ್ನೆಯನ್ನು ಮತ್ತೆ ಎತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ಖರಕ್ ಸಿಂಗ್ ತೀರ್ಪನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಹಕ್ಕೇ ಎಂದು ಸಾರಿತು. ಖಾಸಗಿತನಕ್ಕೆ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯಯುತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪವಿರಬೇಕು ಎಂಬ ಅಳತೆಗೋಲನ್ನು ಕೊಟ್ಟಿತು. ಅದೇ ತೀರ್ಪು ಜಬಲ್‌ಪುರ ಪ್ರಕರಣವನ್ನೂ ತಳ್ಳಿಹಾಕಿತು. ಆ ಭಾಗವನ್ನು ಬರೆದ ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಮಗ. ಮರುವರ್ಷ ಸಲಿಂಗಕಾಮವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೆಯ ಕಲಮನ್ನು, ವಯಸ್ಕರ ಸಮ್ಮತಿಯ ಸಂಬಂಧದ ಮಟ್ಟಿಗೆ, ರದ್ದುಮಾಡಲು ಈ ತೀರ್ಪೇ ಆಧಾರವಾಯಿತು. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಖಾಪ್ ಪಂಚಾಯಿತಿಗಾಗಲಿ ಮನೆಯ ಹಿರಿಯರಿಗಾಗಲಿ ತಡೆಯುವ ಅಧಿಕಾರವಿಲ್ಲ ಎಂದೂ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು.

ಇಂದಿನ ಸ್ಥಿತಿ

ತೀರ್ಪುಗಳ ಎತ್ತರಕ್ಕೂ ಜೈಲಿನ ಒಳಗಿನ ಬದುಕಿಗೂ ಅಂತರ ದೊಡ್ಡದು. ಭಾರತದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನ ಕೈದಿಗಳು, ಅಂದರೆ ಕಾನೂನಿನ ಕಣ್ಣಲ್ಲಿ ಇನ್ನೂ ನಿರಪರಾಧಿಗಳು. ಜಾಮೀನು ಮಂಜೂರಾಗಿದ್ದರೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದವರು ಅವರಲ್ಲಿದ್ದಾರೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಂಥ ಕಾನೂನುಗಳು ಜಾಮೀನನ್ನೇ ಅಪವಾದವಾಗಿಸಿವೆ. ಭಯೋತ್ಪಾದನೆಯ ಅಪಾಯ ನಿಜವಾದದ್ದು, ಅದನ್ನು ತಡೆಯುವ ಹೊಣೆ ಸರ್ಕಾರದ್ದೇ. ಆದರೆ ವರ್ಷಗಟ್ಟಲೆ ವಿಚಾರಣೆ ಆರಂಭವಾಗದ ಸೆರೆವಾಸದಿಂದ ತಪ್ಪಿತಸ್ಥ ಯಾರೆಂಬುದೂ ತೀರ್ಮಾನವಾಗುವುದಿಲ್ಲ, ನಿರಪರಾಧಿಯ ಕಳೆದ ವರ್ಷಗಳೂ ಮರಳುವುದಿಲ್ಲ.

ಮುಂಜಾಗ್ರತಾ ಬಂಧನ ಇನ್ನೂ ದಿನಬಳಕೆಯಲ್ಲಿದೆ. ಕರ್ನಾಟಕದಲ್ಲಿ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾನೂನಿನಡಿ ಕಳ್ಳಬಟ್ಟಿಯವರು, ಮಾದಕವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ಒಂದು ವರ್ಷದವರೆಗೆ ವಿಚಾರಣೆಯಿಲ್ಲದೆ ಇಡಬಹುದು. ಇಂಥ ಆದೇಶಗಳು ನ್ಯಾಯಾಲಯದಲ್ಲಿ ಬಿದ್ದುಹೋಗುವುದು ಹೆಚ್ಚಾಗಿ ಸಣ್ಣದೆನಿಸುವ ಲೋಪಗಳಿಗೆ: ಬಂಧಿತನಿಗೆ ಓದಲು ಬಾರದ ಭಾಷೆಯಲ್ಲಿ ಕಾರಣಗಳನ್ನು ಕೊಟ್ಟದ್ದು, ಅವನ ಮನವಿಯನ್ನು ವಾರಗಟ್ಟಲೆ ಕಡತದಲ್ಲಿ ಇಟ್ಟದ್ದು. ತಾಂತ್ರಿಕ ಕಾರಣಕ್ಕೆ ಬಿಡುಗಡೆ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ವಕೀಲನೂ ಇಲ್ಲದೆ, ಆರೋಪಪಟ್ಟಿಯೂ ಇಲ್ಲದೆ ಒಳಗಿರುವವನಿಗೆ ಉಳಿದಿರುವುದು ಆ ಕಾಗದಗಳೇ. ಅವೂ ಸರಿಯಿರಲಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ.

44ನೆಯ ತಿದ್ದುಪಡಿಯಲ್ಲಿ 22ನೆಯ ವಿಧಿಗೂ ಒಂದು ಬದಲಾವಣೆ ಇತ್ತು. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಬಂಧನದಲ್ಲಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿ, ಆ ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕೆಂದು ಅದು ಹೇಳಿತು. ಸಂಸತ್ತು ಅದನ್ನು ಅಂಗೀಕರಿಸಿತು, ಜಾರಿಯ ದಿನಾಂಕ ಗೊತ್ತುಮಾಡುವುದನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿತು. ದಿನಾಂಕ ಗೊತ್ತುಮಾಡಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡಲಾಗದೆಂದು ಸುಪ್ರೀಂ ಕೋರ್ಟು 1980ರ ದಶಕದ ಆರಂಭದ ಎ.ಕೆ. ರಾಯ್ ಪ್ರಕರಣದಲ್ಲಿ ಹೇಳಿತು. ಅಲ್ಲಿಂದೀಚೆಗೆ ಬಂದ ಯಾವ ಪಕ್ಷದ ಸರ್ಕಾರವೂ ಆ ಅಧಿಸೂಚನೆಯನ್ನು ಹೊರಡಿಸಿಲ್ಲ.